ಐವತ್ತಮೂರು ಜನ ಬೀಗರು

ಕಾಲು ಒದೀಬೇಡ, ಇರೋದು ಒಂದೇ ಕಂಬಳಿ. ಈ ಕಡೆ ತಿರುಗಿ ಮಲ್ಕೋ. ಕತೆ ಹೇಳ್ತೀನಿ, ಆದ್ರೆ ನೀನು ಹೂಂ ಅಂತಿರ್ಬೇಕು, ಹೂಂ ಅನ್ನೋದು ನಿಂತ್ರೆ ನನ್ನ ಕತೆನೂ ಅಲ್ಲೇ ನಿಂತೋಗುತ್ತೆ. ಹಂಗೆ. ಒಂದಾನೊಂದು ಕಾಲದಲ್ಲಿ, ಅಂದ್ರೆ ಊಟಕ್ಕೆ ತಟ್ಟೆ ಅನ್ನೋದೇ ಇನ್ನೂ ಬಂದಿರದ ಕಾಲದಲ್ಲಿ, ರಾಜ ಉಂಡ್ರೂ ಎಲೆ ಮೇಲೆ, ದನ ಕಾಯೋನು ಉಂಡ್ರೂ ಎಲೆ ಮೇಲೆ ಅನ್ನೋ ಕಾಲದಲ್ಲಿ, ಮುತ್ತುಗದಹಳ್ಳಿ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಸಣ್ಣೀರಪ್ಪ ಅಂತ ಒಬ್ಬ ಇದ್ನಂತೆ. ಅವನು ಕಾಡಿಂದ ಮುತ್ತುಗದ ಎಲೆ ತಂದು, ಬಿಸಿಲಲ್ಲಿ ಬಾಡಿಸಿ, ಕಡ್ಡಿ ಚುಚ್ಚಿ ಊಟದೆಲೆ ಹಚ್ಚೋನು. ಅವನ ಹೆಂಡ್ತಿ ಬೋರಮ್ಮ ಅವನ್ನ ಕಟ್ಟು ಕಟ್ಟಿ ಅಟ್ಟದ ಮೇಲೆ ಇಡೋಳು. ಅವರಿಗೆ ಒಬ್ಬಳೇ ಮಗಳು, ದ್ಯಾವಿ ಅಂತ. ನಗೋಕೆ ಶುರು ಮಾಡಿದ್ರೆ ಪಕ್ಕದ ಮನೆಯೋರಿಗೂ ನಗು ಬರ್ಬೇಕು, ಅಂಥ ಹುಡುಗಿ.

ಆ ಸೀಮೇಲಿ ಒಂದು ಪದ್ಧತಿ ಇತ್ತಂತೆ. ಬೀಗರು ಅಂತ ಮನೆಗೆ ಬಂದ್ರೆ ಅವರ ಪಂಕ್ತಿ ಸಮ ಇರ್ಬೇಕು. ಒಂದು ಸಾಲಲ್ಲಿ ಎಷ್ಟು ಎಲೆನೋ ಪಕ್ಕದ ಸಾಲಲ್ಲೂ ಅಷ್ಟೇ ಎಲೆ. ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಏಳು ಅಂತ ಹಾಕಿದ್ರೋ, ಏಳರ ಸಾಲಿನೋರು ನಮ್ಮನ್ನ ಕಮ್ಮಿ ಮಾಡಿದ್ರು ಅಂತ ಮೀಸೆ ತಿರುವ್ಕೊಂಡು ಎದ್ದು ಹೋಗೋರಂತೆ. ಹೋಗ್ಲಿ, ಎಲ್ರನ್ನೂ ಒಂದೇ ಉದ್ದ ಸಾಲಲ್ಲಿ ಕೂರ್ಸೋಣ ಅಂದ್ರೆ ಅದೂ ಇಲ್ಲ. ಎದುರಿಗೆ ಇನ್ನೊಂದು ಸಾಲು ಇಲ್ದೆ ಉಂಡ್ರೆ ಗೋಡೆ ಜೊತೆ ಬೀಗತನ ಮಾಡ್ದ ಹಾಗಂತೆ. ಒಂಟಿ ಎಲೆ ಅಂತೂ ಹಾಕೋ ಹಾಗೇ ಇಲ್ಲ. ಇನ್ನೂ ಒಂದಿದೆ, ಬೀಗರ ಪಂಕ್ತೀಲಿ ಬೀಗರೇ ಕೂರ್ಬೇಕು, ಹೆಣ್ಣಿನ ಕಡೆಯೋರು ಯಾರೂ ನಡುವೆ ತೂರ್ಕೋಬಾರ್ದು. ಇಷ್ಟೆಲ್ಲ ನೋಡ್ಕೊಂಡು ಎಲೆ ಹಾಸೋರು ಯಾರು ಅಂತೀಯ? ಮದುವೆ ಆಗೋ ಹುಡುಗೀನೇ. ಮನೆ ನಡೆಸೋಳು ಮೊದ್ಲು ಬಂದೋರನ್ನ ಸರಿಯಾಗಿ ಕೂರ್ಸೋದು ಕಲೀಲಿ ಅಂತ. ಮದುವೆಗೆ ಮುಂಚೆ ಇಂಥ ಊಟ ಮೂರು, ಒಂದ್ರಲ್ಲಿ ಸಾಲು ತಪ್ಪಿದ್ರೂ ಸಂಬಂಧ ಮುರೀತು, ಆಮೇಲೆ ಸಾಲು ತಪ್ಪಿದ ಹುಡುಗಿ ಅಂತ ಆ ಮನೆ ಕಡೆ ಬೇರೆ ಗಂಡೂ ತಲೆ ಹಾಕ್ತಿರ್ಲಿಲ್ಲವಂತೆ. ಎಂಥಾ ಶಾಸ್ತ್ರವೋ, ಯಾರು ಮಾಡಿದ್ದೋ, ಮಾಡ್ದೋನ ಹೊಟ್ಟೆ ತುಂಬಿತ್ತು ಅಂತ ಕಾಣುತ್ತೆ.

ದ್ಯಾವಿಗೆ ಚಿಕ್ಕೋಳಾಗಿದ್ದಾಗಿಂದ ಆಟದ ಸಾಮಾನು ಅಂದ್ರೂ ಎಲೆನೇ. ಅಂಗಳದ ತುಂಬ ಎಲೆ ಹಾಸೋಳು, ಗುಬ್ಬಿ ಕಾಗೆಗೆಲ್ಲ ಬೀಗರೂಟ ಹಾಕೋಳು. ಹಂಗೆ ಆಡ್ತಾ ಆಡ್ತಾ ಅವಳಿಗೆ ಒಂದೊಂದು ಎಣಿಕೆಯ ಗುಣನೂ ಗೊತ್ತಾಗೋಯ್ತಂತೆ. ಹನ್ನೆರಡು ಅನ್ನೋದು ಬಲು ಒಳ್ಳೇ ಸ್ವಭಾವದ್ದು. ಎರಡು ಸಾಲು ಮಾಡು, ಆರಾರು ನಿಲ್ಲುತ್ತೆ, ಮೂರು ಸಾಲು ಮಾಡು, ನಾಕ್ನಾಕು ನಿಲ್ಲುತ್ತೆ, ನಾಕು ಮಾಡಿದ್ರೆ ಮೂರ್ಮೂರು, ಆರು ಮಾಡಿದ್ರೆ ಎರಡೆರಡು, ಹೇಳಿದ ಹಾಗೆ ಕೇಳುತ್ತೆ. ಹದಿಮೂರು ಹಂಗಲ್ಲ. ಎರಡು ಸಾಲು ಮಾಡಿದ್ರೂ ಒಂದು ಎಲೆ ಹೊರಗೆ, ಮೂರು ಮಾಡಿದ್ರೂ ಒಂದು ಹೊರಗೆ, ನಾಕು ಮಾಡಿದ್ರೂ ಒಂದು ಹೊರಗೆ. ಐದು, ಏಳು, ಹನ್ನೊಂದು ಎಲ್ಲ ಇದೇ ಜಾತಿ. ಇಂಥವಕ್ಕೆ ದ್ಯಾವಿ ಹಠಮಾರಿ ಎಣಿಕೆ ಅಂತ ಹೆಸರಿಟ್ಟಿದ್ಲಂತೆ. ಏನು, ನಿಮ್ಮ ಮೇಷ್ಟ್ರು ಅದಕ್ಕೆ ಅವಿಭಾಜ್ಯ ಸಂಖ್ಯೆ ಅಂತಾರಾ? ಅನ್ಲಿ ಬಿಡು. ನಂಗೆ ಹಠಮಾರಿ ಅಂದ್ರೆ ಬೇಗ ತಿಳಿಯುತ್ತೆ, ಪಕ್ಕದಲ್ಲೇ ಒಂದು ಮಲಗಿದೆಯಲ್ಲ.

ಈಗ ಗಂಡಿನ ಮನೆಗೆ ಬರೋಣ. ಮುತ್ತುಗದಹಳ್ಳಿಯಿಂದ ಹಳ್ಳ ದಾಟಿ ಹೋದ್ರೆ ಕಲ್ಲುಕಟ್ಟೆ ಅಂತ ಊರು. ಅಲ್ಲಿ ಹಿರಿಯಣ್ಣ ಅಂತ ಒಬ್ಬ ಭಾರೀ ಕುಳ, ಅವನಿಗೆ ಮೂರು ಜನ ಗಂಡು ಮಕ್ಕಳು. ಮೂರನೆಯವನು ತೊಟ್ಟಿಲಲ್ಲಿ ಇರೋವಾಗ್ಲೇ ತಾಯಿ ತೀರ್ಕೊಂಡ್ಲಂತೆ. ಅದೇ ಹೊತ್ತಿಗೆ ಹಿರಿಯಣ್ಣನ ತಂಗಿ ಮಂಚಮ್ಮ ಗಂಡನ್ನ ಕಳ್ಕೊಂಡು ತವರಿಗೆ ಬಂದಿದ್ಲು. ಆ ಮೂರು ಹುಡುಗ್ರನ್ನೂ ಸೊಂಟದ ಮೇಲೆ ಹೊತ್ತು ಸಾಕಿದೋಳು ಅವಳೇ. ಒಲೆ ಮುಂದೆ ಬೇಯೋಳು ಅವಳೇ, ಹಟ್ಟಿ ಬಳಿಯೋಳು ಅವಳೇ, ಹುಡುಗ್ರಿಗೆ ಜ್ವರ ಬಂದ್ರೆ ಹಣೆಗೆ ಒದ್ದೆ ಬಟ್ಟೆ ಹಾಕೋಳೂ ಅವಳೇ. ಮಾತು ಮಾತ್ರ ಹಸಿಮೆಣಸಿನಕಾಯಿ. ಎದುರು ನಿಂತು ಮಾತಾಡೋಕೆ ಹಿರಿಯಣ್ಣನೂ ಹೆದರೋನಂತೆ.

ಬೀಗರ ಮನೆಗೆ ಎಷ್ಟು ಜನನ್ನ ಕರ್ಕೊಂಡು ಹೋಗ್ಬೇಕು ಅಂತ ತೀರ್ಮಾನ ಮಾಡೋಳು ಈ ಮಂಚಮ್ಮನೇ. ದೊಡ್ಡ ಹುಡುಗನಿಗೆ ಹೆಣ್ಣು ನೋಡೋಕೆ ಹೋದಾಗ ಹದಿನೇಳು ಜನನ್ನ ಕರ್ಕೊಂಡು ಹೋದ್ಲು. ಆ ಹುಡುಗಿ ಪಾಪ, ಎಂಟೆಂಟರ ಎರಡು ಸಾಲು ಹಾಸಿ ಇನ್ನೊಂದು ಎಲೆ ಕೈಲಿ ಹಿಡ್ಕೊಂಡು ಅತ್ಲಂತೆ. ಎದ್ದು ಬಂದ್ರು. ನಡುವಿನೋನಿಗೆ ನೋಡೋಕೆ ಹೋದಾಗ ಇಪ್ಪತ್ತೊಂಬತ್ತು. ಅಲ್ಲೂ ಎದ್ದು ಬಂದ್ರು. ಅದೂ ಇದೂ ಹಠಮಾರಿಯೇ, ಎಣಿಸಿ ನೋಡು ಬೇಕಾದ್ರೆ, ಈಗ ಬೇಡ, ಬೆಳಿಗ್ಗೆ. ಆಮೇಲೆ ಆ ಇಬ್ಬರು ಅಣ್ಣಂದಿರು ನಮಗೆ ಹೆಣ್ಣೂ ಬೇಡ, ಅವರ ಎಲೆನೂ ಬೇಡ, ಅತ್ತೆ ಕೈ ಮುದ್ದೆ ಸಾಕು ಅಂತ ಕೈ ತೊಳ್ಕೊಂಡು ಕೂತ್ಬಿಟ್ರಂತೆ. ಮಂಚಮ್ಮ ಯಾಕೆ ಹಿಂಗೆ ಮಾಡ್ತಾಳೆ ಅಂತ ಯಾರಿಗೂ ತಿಳೀಲಿಲ್ಲ, ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ಅಂದ್ಕೊಂಡು ಸುಮ್ನಾದ್ರು.

ಮೂರನೆಯವನ ಹೆಸರು ಗವಿಯಪ್ಪ. ಒಂದಿನ ಕಣದ ಪೂಜೆಗೆ ಎಲೆ ಬೇಕು ಅಂತ ಸಣ್ಣೀರಪ್ಪನ ಮನೆಗೆ ಬಂದ. ದ್ಯಾವಿ ಎಲೆ ಕಟ್ಟು ಕೊಟ್ಲು. ಆಮೇಲೆ ಎಲೆ ಸಾಲ್ಲಿಲ್ಲ ಅಂತ ಮತ್ತೆ ಬಂದ. ಆಮೇಲೆ ಎಲೆ ಹರಿದೋಗಿದೆ ಅಂತ ಬಂದ. ಆಮೇಲೆ ಪೂಜೆ ಮುಗಿದು ರಾಗಿ ಮೂಟೆಯೆಲ್ಲ ಮನೆ ಸೇರಿದ ಮೇಲೂ ಎಲೆ ಬೇಕು ಅಂತ ಬಂದ್ನಂತೆ. ದ್ಯಾವಿ ಕೇಳಿದ್ಲು, ಅಲ್ಲಪ್ಪಾ ನಿಮ್ಮ ಮನೇಲಿ ಎಲೆ ಮೇಲೆ ಉಣ್ತೀರೋ ಎಲೆನೇ ಉಣ್ತೀರೋ ಅಂತ. ಅವನು ಕಿವಿಯೆಲ್ಲ ಕೆಂಪಗೆ ಮಾಡ್ಕೊಂಡು, ಎಲೆಗೆ ಬಂದಿದ್ದಲ್ಲ ಅಂತ ಅಂದ್ಬಿಟ್ಟು ಓಡೋದ್ನಂತೆ. ದ್ಯಾವಿ ಅವತ್ತಿಡೀ ಎಲೆಗೆ ಕಡ್ಡಿ ಉಲ್ಟಾ ಚುಚ್ಚಿದ್ಲು. ಅವಳ ಮನಸ್ಸೂ ಅವನ ಹಿಂದೇನೇ ಹಳ್ಳ ದಾಟಿ ಹೋಗಿತ್ತು. ಮದುವೆ ಆದ್ರೆ ಇವನನ್ನೇ, ಇಲ್ಲಾ ಅಂದ್ರೆ ಜೀವಮಾನ ಎಲೆ ಹಚ್ಕೊಂಡೇ ಇರ್ತೀನಿ ಅಂತ ಅವ್ವನ ಹತ್ರ ಹೇಳೇಬಿಟ್ಲಂತೆ. ಬೋರಮ್ಮಂಗೆ ಎದೆ ಝಲ್ ಅಂತು, ಯಾಕಂದ್ರೆ ಮಂಚಮ್ಮನ ಸುದ್ದಿ ಆ ಸೀಮೆಗೆಲ್ಲ ಗೊತ್ತಿತ್ತು.

ಸರಿ, ಕಲ್ಲುಕಟ್ಟೆಯೋರು ಮೊದಲನೇ ಸಲ ಹೆಣ್ಣು ನೋಡೋ ಶಾಸ್ತ್ರಕ್ಕೆ ಬಂದ್ರು. ಬಾಗಿಲಲ್ಲಿ ದ್ಯಾವಿ ಚೊಂಬು ಹಿಡ್ಕೊಂಡು ನಿಂತಿದ್ಲು. ಬಂದೋರಿಗೆಲ್ಲ ಕಾಲಿಗೆ ನೀರು ಕೊಡೋದು, ಕೊಡ್ತಾ ಕೊಡ್ತಾ ತಲೆ ಎಣಿಸ್ಕೊಳ್ಳೋದು, ಅದೇ ಅಲ್ಲಿಯ ಕ್ರಮ. ಮಂಚಮ್ಮ ಎಲ್ಲರ ಹಿಂದೆ ನಿಂತಿದ್ದೋಳು, ನಂಗ್ಯಾಕೆ ನೀರು, ನನ್ನ ಕಾಲು ನಾನೇ ತೊಳ್ಕೋತೀನಿ ಅಂದು ಹಿತ್ತಲ ಬಾವಿ ಕಡೆ ಹೋದ್ಲು. ದ್ಯಾವಿ ಎಣಿಸಿದ್ದು ಇಪ್ಪತ್ನಾಕು. ಅವಳಿಗೆ ನಗು ಬಂತು. ಇಪ್ಪತ್ನಾಕು ಹನ್ನೆರಡರ ಅಣ್ಣ, ಅದಕ್ಕಿಂತ ಸಾಧು ಎಣಿಕೆ ಬೇರೆ ಉಂಟಾ? ಎರಡು ಸಾಲು ಹಾಸಿದ್ರೆ ಹನ್ನೆರಡು, ಆದ್ರೆ ಅವರ ಪಡಸಾಲೆ ಗಿಡ್ಡದು, ಹನ್ನೆರಡನೇ ಎಲೆ ಹೋಗಿ ಕರು ಕಟ್ಟೋ ಗೂಟದ ಹತ್ರ ಬೀಳುತ್ತೆ. ಮೂರು ಸಾಲು ಹಾಕಿದ್ರೆ ಎಂಟೆಂಟು, ಅದೂ ಒಂಚೂರು ಉದ್ದನೇ. ನಾಕು ಸಾಲು ಆರಾರು ಎಲೆ ಹಾಕಿದ್ಲು, ಅಚ್ಚುಕಟ್ಟಾಗಿ ಕೂತ್ಕೊಂತು. ಹಿರಿಯಣ್ಣ ಎರಡು ಸಲ ಪಾಯಸ ಹಾಕಿಸ್ಕೊಂಡು ಹುಡುಗಿ ಪರವಾಗಿಲ್ಲ ಅಂದ್ನಂತೆ. ಮಂಚಮ್ಮ ತುಟಿ ಕಚ್ಕೊಂಡು, ಈ ಗಿಡ್ಡ ಪಡಸಾಲೇಲಿ ಅಷ್ಟು ಎಲೆ ಹಿಡಿಯಲ್ಲ ಅಂದ್ಕೊಂಡಿದ್ದೆ, ಬೆಣ್ಣೇಲಿ ಕೂದಲು ತೆಗೆದ ಹಾಗೆ ಆಯ್ತಲ್ಲ, ಇರ್ಲಿ ನೋಡೋಣ ಅಂತ ಹೋದ್ಲು.

ಎರಡನೇ ಸಲ ವೀಳ್ಯದ ಶಾಸ್ತ್ರ. ಈ ಸಲ ಗಾಡಿ ಮೇಲೆ ಗಾಡಿ ಬಂತು. ದ್ಯಾವಿ ನೀರು ಕೊಟ್ಟಳು, ಕೊಟ್ಟಳು, ಕೊಡ್ತಾನೇ ಇದ್ಲು, ಕಡೆಗೆ ಲೆಕ್ಕ ನಿಂತಿದ್ದು ನಲವತ್ತೊಂಬತ್ತಕ್ಕೆ. ಪಡಸಾಲೆ ಸಾಲಲ್ಲ ಅಂತ ಹೊಂಗೆ ಮರದ ಕೆಳಗೆ ಅಂಗಳ ಗುಡಿಸಿ ಎಲೆ ಹಾಸೋಕೆ ಕೂತ್ಲು. ಎರಡು ಸಾಲು ಹಾಸಿದ್ಲು, ಒಂದು ಹೊರಗೆ. ಎತ್ತಿ ಮೂರು ಸಾಲು ಹಾಸಿದ್ಲು, ಮತ್ತೆ ಒಂದು ಹೊರಗೆ. ನಾಕು ಹಾಸಿದ್ರೂ ಆ ಒಂದು ಹೊರಗೇ. ಐದು ಹಾಸಿದ್ರೆ ನಾಕು ಎಲೆ ಹೊರಗೆ. ಆರು ಹಾಸಿದ್ಲು, ಮತ್ತೆ ಅದೇ ಒಂದು. ಆ ಹೊತ್ತಿಗೆ ಮಂಚಮ್ಮ ಗಾಡಿಯೋರಿಗೆ ಎತ್ತು ಬಿಚ್ಬೇಡ್ರೋ ಅಂತ ಕೂಗಿ ಹೇಳ್ತಿದ್ಲಂತೆ. ಗವಿಯಪ್ಪ ಹೊಂಗೆ ಮರದ ತೊಗಟೆ ಕೀಳ್ತಾ ನಿಂತಿದ್ದ, ಅವನ ಮುಖ ನೋಡೋಕೂ ಧೈರ್ಯ ಬರ್ಲಿಲ್ಲ ದ್ಯಾವಿಗೆ. ಆದ್ರೂ ಎಲೆ ಎತ್ತಿ ಇನ್ನೊಂದು ಸಲ, ಏಳು ಸಾಲು ಹಾಕಿ ನೋಡೋಣ ಅಂತ ಹಾಸ್ತಾ ಹೋದ್ಲು. ಮೊದ್ಲನೇದ್ರಲ್ಲಿ ಏಳು, ಎರಡನೇದ್ರಲ್ಲಿ ಏಳು, ಹಂಗೇ ಹೋಗಿ ಕಡೇ ಸಾಲಿನ ಕಡೇ ಜಾಗಕ್ಕೆ ಕೈಲಿದ್ದ ಕಡೇ ಎಲೆ ಸರಿಯಾಗಿ ಬಂದು ಕೂತ್ಕೊಂತಂತೆ. ಏಳೇಳ್ಲ ನಲವತ್ತೊಂಬತ್ತು. ನೋಡಿದ್ಯಾ, ಮಗ್ಗಿ ಬಾಯಿಪಾಠ ಇದ್ದಿದ್ರೆ ಇಷ್ಟು ಒದ್ದಾಟನೇ ಇರ್ತಿರ್ಲಿಲ್ಲ. ನಿಂಗೆ ಬರುತ್ತಾ ಏಳರ ಮಗ್ಗಿ? ಹೂಂ ಅನ್ನು ಅಂದ್ರೆ ಮಾತ್ರ ಹೂಂ ಅನ್ನಲ್ಲ ನೀನು.

ಅವತ್ತು ಎಲ್ರೂ ಉಣ್ತಿರೋವಾಗ ದ್ಯಾವಿ ನೀರು ಸೇದೋಕೆ ಹಿತ್ತಲಿಗೆ ಹೋದ್ಲು. ಬಾವಿಕಟ್ಟೆ ಮೇಲೆ ಮಂಚಮ್ಮ ಒಬ್ಬಳೇ ಕೂತ್ಕೊಂಡು, ಸೆರಗಲ್ಲಿ ಕಟ್ಕೊಂಡು ಬಂದಿದ್ದ ತಂಗಳು ಮುದ್ದೆ ಮುರ್ಕೊಂಡು ಉಪ್ಪು ಮೆಣಸಿನಕಾಯಿ ನೆಂಚ್ಕೊಂಡು ತಿಂತಿದ್ಲಂತೆ. ಅಯ್ಯೋ ಅತ್ತೆ, ಒಳಗೆ ಬನ್ನಿ, ಎಲೆ ಹಾಕ್ತೀನಿ ಅಂದ್ಲು ದ್ಯಾವಿ. ಗಂಡ ಇಲ್ದೋಳು ಶುಭದ ಪಂಕ್ತೀಲಿ ಕೂರೋ ಹಾಗಿಲ್ಲ, ಅಷ್ಟೂ ತಿಳೀದಾ ನಿಂಗೆ, ನಡಿ ನಡಿ, ಅಲ್ಲಿ ಸಾರು ಬಡಿಸೋರಿಲ್ಲ ಅಂತ ಗದರಿಸಿ ಕಳಿಸಿದ್ಲು ಮಂಚಮ್ಮ. ದ್ಯಾವಿ ಅವರ ಮನೆ ಶಾಸ್ತ್ರ ಅವರಿಗೆ ಅಂತ ಕೊಡ ಎತ್ಕೊಂಡು ಬಂದ್ಬಿಟ್ಲು.

ಆಮೇಲೆ ಲಗ್ನ ಕಟ್ಟಿಸಿದ್ರು, ಸಣ್ಣೀರಪ್ಪ ಹಸಿರು ಚಪ್ಪರ ಹಾಕಿಸ್ದ, ನೆಂಟರಿಷ್ಟರೆಲ್ಲ ಬಂದ್ರು. ಬೆಳಿಗ್ಗೆ ಧಾರೆ ಅಂದ್ರೆ ಹಿಂದಿನ ದಿನ ಹೊತ್ತು ಇಳಿಯೋ ಮುಂಚೆ ಚಪ್ಪರದೂಟ. ಅದೇ ಮೂರನೇ ಊಟ, ಅದೊಂದು ದಾಟಿದ್ರೆ ಮುಗೀತು. ಬೋರಮ್ಮ ಊರ ಹೆಂಗಸರನ್ನೆಲ್ಲ ಕೂಡ್ಕೊಂಡು ಹೋಳಿಗೆ ಬೇಯ್ಸಿದ್ಲಂತೆ. ಕಡಲೆಬೇಳೆ ಹೂರಣ, ಏಲಕ್ಕಿ ಹಾಕಿದ್ದು, ಕಾವಲಿಯಿಂದ ಇಳಿಸ್ತಿದ್ದ ಹಾಗೆ ತುಪ್ಪ ಸವರಿ, ಅಬ್ಬಾ, ನಂಗೆ ಇಲ್ಲಿ ಬಾಯಲ್ಲಿ ನೀರು ಬರ್ತಿದೆ ನೋಡು. ಇರ್ಲಿ. ಗಾಡಿ ಬಂತು. ದ್ಯಾವಿ ಅರಿಶಿನದ ಮೈಯಲ್ಲೇ ಚೊಂಬು ಹಿಡ್ಕೊಂಡು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಾಲಿಗೂ ನೀರು ಹಾಕ್ತಾ ಬಂದ್ಲು. ಮುದುಕರು ಬಂದ್ರು, ಹೆಂಗಸರು ಬಂದ್ರು, ಕಂಕುಳಿಂದ ಇಳಿದು ಆಗ್ತಾನೆ ನಡೆಯೋ ಕೂಸೂ ಬಂತು, ಇಬ್ಬರು ಅಣ್ಣಂದಿರು ಬಂದ್ರು, ಕಡೇಲಿ ಗವಿಯಪ್ಪ 'ನಮ್ಮತ್ತೆ ಈ ಸಲ ಭಾರೀ ಯೋಚನೆ ಮಾಡಿದಾಳೆ' ಅಂತ ಕಿವೀಲಿ ಉಸುರಿ ಒಳಗೆ ಹೋದ. ಐವತ್ತಮೂರು.

ದ್ಯಾವಿ ಕಾಲಿಗೆ ನೀರು ಹಾಕೋದು ಮುಗಿದ ಮೇಲೂ ಚೊಂಬು ಹಿಡ್ಕೊಂಡು ನಿಂತೇ ಇದ್ಲಂತೆ. ತಲೇಲಿ ಎಲೆ ಹಾಸ್ತಿದ್ಲು. ಎರಡು ಸಾಲು, ಒಬ್ಬರು ಹೊರಗೆ. ಎರಡಕ್ಕೆ ಒಗ್ಗದ್ದು ನಾಕಕ್ಕೂ ಒಗ್ಗಲ್ಲ, ಆರಕ್ಕೂ ಒಗ್ಗಲ್ಲ, ಅವೆಲ್ಲ ಎರಡರ ಮಕ್ಕಳೇ ತಾನೆ, ಅವ್ವನ ಮಾತು ಕೇಳದ್ದು ಮಕ್ಕಳ ಮಾತು ಕೇಳುತ್ತಾ? ಮೂರು ಸಾಲು ಹಾಕಿದ್ರೆ ಐವತ್ತೊಂದಕ್ಕೆ ನಿಂತು ಇಬ್ಬರು ಹೊರಗೆ. ಐದು ಸಾಲು ಅಂದ್ರೆ ಐವತ್ತಕ್ಕೆ ನಿಂತು ಮೂವರು ಹೊರಗೆ. ಏಳು ಸಾಲು ಅಂದ್ರೆ, ಈಗ ಏಳೇಳ್ಲ ಗೊತ್ತಿತ್ತಲ್ಲ, ನಾಲ್ಕು ಜನ ಹೊರಗೆ. ಎಂಟೋ ಒಂಬತ್ತೋ ಸಾಲು ಹಾಕೋಣ ಅಂದ್ರೆ ಸಾಲಿಗೆ ಏಳು ಜನನೂ ಸಿಗಲ್ಲ, ಏಳೆಂಟ್ಲನೇ ಐವತ್ತಾರಾಗೋಯ್ತು. ಸಾಲಿಗೆ ಆರೋ ಐದೋ ಕೂರ್ಸಿದ್ರೆ, ಅದನ್ನ ಅಡ್ಡದಿಂದ ನೋಡಿದ್ರೆ ಆರು ಸಾಲೋ ಐದು ಸಾಲೋ ಆಗುತ್ತೆ, ಅವನ್ನ ಆಗ್ಲೇ ನೋಡಿ ಬಿಟ್ಟಿದ್ದು. ಅಲ್ಲಿಗೆ ಎಲ್ಲಾ ಬಾಗಿಲೂ ಮುಚ್ಚೋಯ್ತು. ಐವತ್ತಮೂರು ಅಪ್ಪಟ ಹಠಮಾರಿ. ದ್ಯಾವಿ ಕಣ್ಣಲ್ಲಿ ನೀರು ತುಂಬ್ಕೊಂತು, ಗವಿಯಪ್ಪ ಕೈಗೆ ಸಿಕ್ಕೋ ಹೊತ್ತಿಗೆ ಕೈ ತಪ್ಪಿ ಹೋದನಲ್ಲಪ್ಪಾ ಅಂತ.

ಮಂಚಮ್ಮ ಚಪ್ಪರದ ಹೊರಗಿನ ಕಂಬಕ್ಕೆ ಒರಗಿ ನಿಂತು, ಏನಮ್ಮಾ, ಎಲೆ ಹಾಸೋದು ಮರ್ತೋಯ್ತಾ, ನಮ್ಮೋರಿಗೆ ಹಸಿವಾಗ್ತಿದೆ ಅಂದ್ಲು. ಸಣ್ಣೀರಪ್ಪನಿಗೆ ಮಗಳ ಮುಖ ನೋಡಿ ಗೊತ್ತಾಗೋಯ್ತು. ಓಡಿ ಬಂದು ಹಿರಿಯಣ್ಣನಿಗೆ ಕೈ ಮುಗಿದು, ಬೀಗ್ರೇ, ನಿಮ್ಮೋರಲ್ಲಿ ಯಾರಾದ್ರೂ ಒಬ್ಬರು ಒಂದು ಗಳಿಗೆ ಎತ್ತುಗಳ ಹತ್ರ ನಿಂತಿದ್ರೆ ಐವತ್ತೆರಡಾಗುತ್ತೆ, ನಾಕು ಸಾಲಲ್ಲಿ ಹದಿಮೂರು ಹದಿಮೂರು ಕೂರ್ಸಿಬಿಡ್ತೀವಿ, ಆಮೇಲೆ ಅವರಿಗೆ ಬೇರೆಯಾಗಿ ಎರಡು ಪಟ್ಟು ಉಪಚಾರ ಮಾಡ್ತೀವಿ ಅಂತ ಗೋಗರೆದ್ನಂತೆ.

ಅಷ್ಟು ಸಾಕಾಯ್ತು ಮಂಚಮ್ಮಂಗೆ. ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಎಲ್ರಿಗೂ ಕೇಳೋ ಹಾಗೆ ಶುರು ಮಾಡಿದ್ಲು. ಕೇಳಿಸ್ಕೊಂಡ್ರಾ, ನಮ್ಮಲ್ಲಿ ಒಬ್ಬರನ್ನ ಎತ್ತಿನ ಹತ್ರ ನಿಲ್ಲಿಸ್ತಾರಂತೆ. ಯಾರನ್ನ ನಿಲ್ಲಿಸ್ತೀಯಪ್ಪಾ, ಆ ಮುದುಕನ್ನೋ, ಈ ಕೂಸನ್ನೋ? ಕಲ್ಲುಕಟ್ಟೆಯೋರು ತಮ್ಮೋರಲ್ಲಿ ಒಬ್ಬರನ್ನ ಹೊರಗೆ ನಿಲ್ಲಿಸಿ ಉಂಡೋರಲ್ಲ, ಉಣ್ಣೋರೂ ಅಲ್ಲ. ಹಿರಿಯಣ್ಣ ತಲೆ ಆಡಿಸಿ, ಹೌದೌದು, ಅದು ನಮ್ಮ ವಂಶದಲ್ಲೇ ಇಲ್ಲ, ಕಟ್ರೋ ಗಾಡಿ ಅಂದ್ನಂತೆ. ಕೂತಿದ್ದೋರೆಲ್ಲ ಪಂಚೆ ಕೊಡವ್ಕೊಂಡು ಏಳೋಕೆ ಶುರು ಮಾಡಿದ್ರು. ಒಳಗೆ ಬೋರಮ್ಮ ಹೋಳಿಗೆ ಬುಟ್ಟಿ ಮುಂದೆ ಕುಸಿದು ಕೂತ್ಲು.

ದ್ಯಾವಿ ಮಾತ್ರ ಮಂಚಮ್ಮನ್ನೇ ನೋಡ್ತಾ ನಿಂತಿದ್ಲು. ಮಂಚಮ್ಮನ ಕಾಲಲ್ಲಿ ದಾರಿ ಧೂಳು ಹಂಗೇ ಇತ್ತು. ಐವತ್ತಮೂರು ಜನರ ಕಾಲಿಗೆ ನೀರು ಕೊಟ್ಟೋಳು ತಾನು, ಈ ಕಾಲಿಗೆ ಕೊಟ್ಟಿರ್ಲಿಲ್ಲ. ಒಬ್ಬರನ್ನ ಹೊರಗೆ ನಿಲ್ಲಿಸಿ ಉಣ್ಣಲ್ಲ ಅಂತ ಕೂಗ್ತಿರೋ ಹೆಂಗಸೇ ಚಪ್ಪರದ ಹೊರಗೆ ನಿಂತಿದಾಳೆ, ಅಷ್ಟು ಜನರಲ್ಲಿ ಒಬ್ಬರಿಗೂ ಅದು ಕಣ್ಣಿಗೆ ಬಿದ್ದಿಲ್ಲ, ಅವಳಿಗೂ ಬಿದ್ದಿಲ್ಲ. ದ್ಯಾವಿ ಕಣ್ಣೊರೆಸ್ಕೊಂಡು, ಒಂದು ನಿಮಿಷ ಇರಿ ಮಾವ, ಎಲೆ ಹಾಸ್ತೀನಿ ಅಂತ ಅಂದು, ಕಟ್ಟು ಬಿಚ್ಚಿ ಸರಸರ ಹಾಸ್ತಾ ಹೋದ್ಲು. ಒಂದು ಸಾಲಲ್ಲಿ ಒಂಬತ್ತು, ಇನ್ನೊಂದರಲ್ಲಿ ಒಂಬತ್ತು, ಹಿಂಗೆ ಆರು ಸಾಲು. ಆರೊಂಬತ್ಲ ಐವತ್ತನಾಕು. ಒಂದು ಎಲೆ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ, ನೂಲು ಹಿಡಿದ ಹಾಗೆ ನಿಂತ್ವು.

ಹಿರಿಯಣ್ಣ ಬೆರಳು ಮಡಚಿ ಮಡಚಿ ಎಣಿಸ್ದ. ಅಲ್ಲಮ್ಮಾ, ನಾವು ಐವತ್ತಮೂರು, ಇದರಲ್ಲಿ ಒಂದು ಎಲೆ ಹೆಚ್ಚಿದೆಯಲ್ಲ, ನಿಮ್ಮ ಕಡೆಯೋರನ್ನ ಯಾರನ್ನಾದ್ರೂ ತೂರಿಸ್ತೀಯಾ ಹೆಂಗೆ ಅಂದ. ದ್ಯಾವಿ ಚೊಂಬಿಗೆ ನೀರು ತುಂಬ್ಕೊಂಡು ಕಂಬದ ಹತ್ರ ಹೋಗಿ, ಬಗ್ಗಿ ಮಂಚಮ್ಮನ ಕಾಲ ಮೇಲೆ ಹಾಕಿದ್ಲಂತೆ. ಮಂಚಮ್ಮ ಹಾವು ತುಳಿದೋಳ ಹಾಗೆ ಕಾಲು ಹಿಂದೆ ತೆಗೆದ್ಲು. ಏನೇ ಇದು, ಗಂಡ ಸತ್ತೋಳನ್ನ ಹತ್ತು ಜನರೆದುರು ಅಣಕಿಸ್ತೀಯಾ ಅಂದ್ಲು. ಅಣಕ ಅಲ್ಲತ್ತೆ, ಲೆಕ್ಕ, ನೀವು ಬಂದು ಕೂತ್ರೆ ಮಾತ್ರ ಈ ಸಾಲು ಸಮ ಆಗೋದು, ನೀವಿಲ್ದೆ ಹೆಂಗೆ ಹಾಕಿದ್ರೂ ಆಗಲ್ಲ, ನಿಮಗೇ ಗೊತ್ತಲ್ಲ ಅಂದ್ಲು ದ್ಯಾವಿ.

ಚಪ್ಪರದಲ್ಲಿ ಗುಸುಗುಸು ಎದ್ತು. ಹಿರಿಯಣ್ಣ, ಅದು ಹೆಂಗಾಗುತ್ತೆ, ಅವಳು ಕೂರೋ ಹಾಗಿಲ್ಲ ಅಂತ ಮೀಸೆ ಮೇಲೆ ಕೈ ಹಾಕ್ದ. ದ್ಯಾವಿ ತಲೆ ತಗ್ಗಿಸಿ ಹೇಳೇಬಿಟ್ಲಂತೆ. ಮಾವ, ಇವರು ನಿಮ್ಮೋರೋ ಅಲ್ವೋ ನೀವೇ ಹೇಳಿ. ನಿಮ್ಮೋರಲ್ಲ ಅಂದ್ರೆ ಈ ಎಲೆ ಎತ್ತಿಬಿಡ್ತೀನಿ, ನೀವು ಗಾಡಿ ಕಟ್ಸಿ, ನನ್ನ ಹಣೆಬರಹ ಅಂದ್ಕೋತೀನಿ. ನಿಮ್ಮೋರೇ ಅಂದ್ರೆ, ನಿಮ್ಮೋರಲ್ಲಿ ಒಬ್ಬರನ್ನ ಹೊರಗೆ ನಿಲ್ಲಿಸಿ ಉಣ್ಣಲ್ಲ ಅಂತ ಈಗ್ತಾನೆ ನೀವೇ ಅಂದ್ರಲ್ಲ, ಕೂತ್ಕೊಳ್ಳಿ. ಹಿರಿಯಣ್ಣನ ಪಾಡು ಬಾಯಲ್ಲಿ ಬಿಸಿತುಪ್ಪ ಇಟ್ಕೊಂಡ ಹಾಗಾಯ್ತು, ನುಂಗೋ ಹಾಗೂ ಇಲ್ಲ, ಉಗುಳೋ ಹಾಗೂ ಇಲ್ಲ. ಮೂರು ಮಕ್ಕಳನ್ನ ಸಾಕಿದ ತಂಗಿನ ನಮ್ಮೋಳಲ್ಲ ಅಂತ ಯಾವ ಬಾಯಲ್ಲಿ ಅಂತಾನೆ?

ಅಷ್ಟರಲ್ಲಿ ಗವಿಯಪ್ಪ ಎದ್ದು ಬಂದ. ಅತ್ತೆ, ನೀನು ಕೂರದೆ ನಾನು ಎಲೆ ಮುಟ್ಟಲ್ಲ, ಇಷ್ಟು ವರ್ಷ ಮುಟ್ಟಿದ್ದೇ ನಾಚಿಕೆ ಆಗ್ತಿದೆ ನಂಗೆ ಅಂದ. ಅವನ ಹಿಂದೆ ನಡುವಿನೋನು ಬಂದ. ಅವನ ಹಿಂದೆ ದೊಡ್ಡೋನು ಬಂದ, ಆ ದೊಡ್ಡೋನು ಮಾತೇ ಆಡದ ಮನುಷ್ಯ, ಸುಮ್ನೆ ಬಂದು ಅತ್ತೆ ಕೈ ಹಿಡ್ಕೊಂಡು, ಚಿಕ್ಕವನಿದ್ದಾಗ ಜಾತ್ರೆಗೆ ಹೋಗೋಣ ಅಂತ ಎಳೀತಿದ್ದ ಹಾಗೆ ಎಳ್ಕೊಂಡು ಹೊರಟ್ನಂತೆ. ಮಂಚಮ್ಮ ಬಿಡ್ರೋ ಬಿಡ್ರೋ ಅಂತಾನೇ ಇದ್ಲು, ಆದ್ರೆ ಕಾಲು ಅವರ ಜೊತೇನೇ ಹೋಗ್ತಿತ್ತು. ಕರ್ಕೊಂಡು ಬಂದು ಮೊದಲನೇ ಸಾಲಲ್ಲಿ, ಹಿರಿಯಣ್ಣನ ಎದುರಿಗೇ ಕೂರ್ಸಿದ್ರು. ಹಿರಿಯಣ್ಣ ತಂಗಿ ಮುಖ ನೋಡ್ದ, ಬಡಿಸ್ರಮ್ಮಾ ಮತ್ತೆ, ಏನ್ ನೋಡ್ತಿದೀರಿ ಅಂದ.

ಎಲೆಗೆ ಉಪ್ಪು ಬಂತು, ಪಲ್ಯ ಬಂತು, ಕೋಸಂಬರಿ ಬಂತು, ಹೋಳಿಗೆ ಬಂತು, ಮೇಲೆ ತುಪ್ಪ ಬಂತು. ಎಲ್ರೂ ಉಣ್ಣೋಕೆ ಶುರು ಮಾಡಿದ್ರೂ ಮಂಚಮ್ಮ ಎಲೆ ಮುಂದೆ ಸುಮ್ನೆ ಕೂತಿದ್ಲಂತೆ. ಕಣ್ಣೀರು ಎಲೆ ಮೇಲೆ ತೊಟ್ಟಿಕ್ತಿತ್ತು. ದ್ಯಾವಿ ಮತ್ತೊಂದು ಹೋಳಿಗೆ ಹಾಕೋಕೆ ಬಂದಾಗ ಅವಳ ಕೈ ಹಿಡ್ಕೊಂಡ್ಲು. ನಾನು ಬೇಕು ಅಂತಲೇ ಐವತ್ತಮೂರು ಜನನ್ನ ಕರ್ಕೊಂಡು ಬಂದೆ ಕಣೇ, ಹುಣಸೆ ಬೀಜ ಹಾಸಿ ಹಾಸಿ ನೋಡಿ, ಯಾವ ಸಾಲಿಗೂ ಕೂರಬಾರದು ಅಂತ ಗುಡ್ಡೆ ಮಾಡ್ದೆ. ಮನೆಗೆ ಸೊಸೆ ಅಂತ ಬಂದ್ರೆ ನನ್ನ ಒಲೆ ಮುಂದಿಂದ ಎಬ್ಬಿಸ್ತಾಳೆ, ಆ ಒಲೆ ಒಂದು ಬಿಟ್ರೆ ನಂಗೆ ಈ ಭೂಮಿ ಮೇಲೆ ಜಾಗ ಇಲ್ಲ ಅಂತ ಹೆದ್ರಿಕೆ ನಂಗೆ. ಆ ಎರಡು ಹೆಣ್ಣು ಮಕ್ಕಳನ್ನೂ ಹಂಗೇ ಅಳಿಸಿ ಬಂದೆ ಅಂದ್ಲಂತೆ. ದ್ಯಾವಿ ಏನಂದ್ಲು ಗೊತ್ತಾ? ಅತ್ತೆ, ಮೊದ್ಲು ಉಣ್ಣಿ, ಹೋಳಿಗೆ ಆರೋಗುತ್ತೆ. ಒಲೆ ಮಾತು ಆಮೇಲೆ. ನಂಗೆ ಎಲೆ ಹಾಸೋಕೆ ಬರುತ್ತೆ, ಒಲೆ ಹೊತ್ತಿಸೋಕೆ ಬರಲ್ಲ, ಊದಿ ಊದಿ ಬರೀ ಹೊಗೆ, ಬೇಕಾದ್ರೆ ನಮ್ಮವ್ವನ್ನ ಕೇಳಿ. ನೀವು ಎದ್ರೆ ನಿಮ್ಮನೆಯೋರಿಗೆಲ್ಲ ಉಪವಾಸವೇ ಗತಿ ಅಂದ್ಲು. ಮಂಚಮ್ಮ ಅಳ್ತಾ ಅಳ್ತಾ ನಕ್ಕುಬಿಟ್ಲಂತೆ.

ಆಮೇಲೆ ಉಂಡಳು ನೋಡು. ಹೋಳಿಗೆ ಮೇಲೆ ಹೋಳಿಗೆ ಹಾಕಿಸ್ಕೊಂಡು ಉಂಡಳು. ಉಂಡು ಮಜ್ಜಿಗೆಗೆ ಬರೋ ಹೊತ್ತಿಗೆ ಗಂಟಲು ಸರಿ ಹೋಗಿತ್ತು, ಸಾರಿಗೆ ಉಪ್ಪು ಯಾರಮ್ಮಾ ಹಾಕಿದ್ದು, ಕೈಯಲ್ಲೋ ಮೊರದಲ್ಲೋ ಅಂತ ಕೇಳಿದ್ಲಂತೆ. ಹುಟ್ಟುಗುಣ ಅಂದೆನಲ್ಲ. ಆದ್ರೆ ಆ ಮಾತಿಗೆ ಈಗ ಎಲ್ರೂ ನಕ್ಕರು, ಬೋರಮ್ಮನೂ ನಕ್ಕಳು. ಬೆಳಿಗ್ಗೆ ಧಾರೆ ಆಯ್ತು, ಗವಿಯಪ್ಪ ತಾಳಿ ಕಟ್ಟೋವಾಗ ಮೊದಲ ಅಕ್ಷತೆ ಬಿದ್ದಿದ್ದು ಮಂಚಮ್ಮತ್ತೆ ಕೈಯಿಂದ. ಬೇಡ ಅನ್ನೋಕೆ ಯಾರಿಗೂ ಧೈರ್ಯ ಬರ್ಲಿಲ್ಲ, ಹಂಗೆ ಹಾಕಿದ್ರಿಂದ ಯಾರಿಗೂ ಏನೂ ಕೆಡುಕಾಗ್ಲಿಲ್ಲ, ಚೆನ್ನಾಗೇ ಬಾಳಿದ್ರು. ಆಮೇಲೆ ಮಂಚಮ್ಮತ್ತೆ ತಾನೇ ಹೋಗಿ, ಆವತ್ತು ಅಳಿಸಿ ಬಂದಿದ್ದ ಆ ಇಬ್ಬರು ಹುಡುಗೀರ ಮನೆ ಬಾಗಿಲಲ್ಲಿ ನಿಂತು ತಪ್ಪಾಯ್ತು ಅಂತ ಕೇಳಿ, ದೊಡ್ಡೋನಿಗೂ ನಡುವಿನೋನಿಗೂ ಅವರನ್ನೇ ತಂದ್ಕೊಂಡ್ಲಂತೆ. ಮನೆಗೆ ಮೂರು ಜನ ಸೊಸೇರು ಬಂದ್ರು, ಮೂವರಲ್ಲಿ ಒಬ್ಬಳೂ ಮಂಚಮ್ಮತ್ತೆನ ಒಲೆ ಮುಂದಿಂದ ಎಬ್ಬಿಸ್ಲಿಲ್ಲ. ಕಡೆಗೆ ಅವಳೇ, ನಂಗೆ ಸೊಂಟ ನೋವು, ಇನ್ನು ನೀವು ಬೇಯ್ಸಿ ಹಾಕ್ರೇ ಅಂತ ಎದ್ದು ಬಂದು ಜಗಲಿ ಮೇಲೆ ಕೂತ್ಲು.

ಅವತ್ತಿಂದ ಆ ಸೀಮೇಲಿ ಪದ್ಧತಿನೇ ಬೇರೆ ಆಯ್ತಂತೆ. ಪಂಕ್ತಿಗೆ ಹಠಮಾರಿ ಎಣಿಕೆ ಬಂತು ಅಂದ್ರೆ, ಯಾರನ್ನೂ ಎಬ್ಬಿಸಿ ಕಳಿಸ್ತಿರ್ಲಿಲ್ಲ. ಒಂದು ಎಲೆ ಹೆಚ್ಚಿಗೆ ಹಾಕೋರು. ಹಠಮಾರಿಗೆ ಒಂದು ಸೇರಿಸಿದ್ರೆ ಅದು ಜೋಡಿಯಾಗಿ ನಿಲ್ಲುತ್ತೆ, ಹದಿಮೂರು ಹದಿನಾಕಾಗುತ್ತೆ, ಹದಿನೇಳು ಹದಿನೆಂಟಾಗುತ್ತೆ, ಯಾವುದನ್ನ ಬೇಕಾದ್ರೂ ನೋಡು. ಎರಡೊಂದು ಬಿಟ್ಟು, ಎರಡಕ್ಕೆ ಒಂದು ಸೇರಿದ್ರೆ ಮೂರು, ಅದೂ ಹಠಮಾರಿನೇ. ಹೋಗ್ಲಿ ಬಿಡು, ಇಬ್ಬರೇ ಇದ್ರೆ ಗಂಡ ಹೆಂಡ್ತಿ ಎದುರುಬದುರು ಕೂತು ಉಣ್ಲಿ. ಎಲೆ ಹಾಕಿದ ಮೇಲೆ ಮನೆಯೋರೆಲ್ಲ ದೀಪ ಹಿಡ್ಕೊಂಡು ಹುಡುಕೋಕೆ ಹೋಗೋರಂತೆ, ಹಿತ್ತಲಲ್ಲಿ ನೋಡೋರು, ಬಾವಿಕಟ್ಟೇಲಿ ನೋಡೋರು, ಬೇಲಿ ಆಚೆ ನೋಡೋರು, ನಮ್ಮೋರು ಯಾರೋ ಒಬ್ಬರು ಉಣ್ದೆ ಇದಾರೆ, ಯಾರು ನೋಡ್ರೋ ಅಂತ. ಹುಡುಕಿದಾಗೆಲ್ಲ ಒಬ್ಬರು ಸಿಕ್ಕೇ ಸಿಗೋರಂತೆ.

ಹೂಂ ಅನ್ನೋದು ಯಾವಾಗ ನಿಲ್ಲಿಸ್ದೆ ನೀನು? ಮಲ್ಕೊಂಡ್ಯಾ? ಸರಿ, ಉಂಡೋರು ಅವರ ಎಲೆ ಮಡಚಿ ಎದ್ರು, ನಾನು ನನ್ನ ಕತೆ ಮಡಚಿ ಇಟ್ಟೆ. ಇಲ್ಲಿಗೆ ಮುಗೀತು.